ಚೆನ್ನವೀರನ ಮೀಸೆಯೂ ಯಾರೂ ಗೆಲ್ಲದ ಚದುರಂಗವೂ

ಒಂದಾನೊಂದು ಊರಿನಲ್ಲಿ, ಕೇಳ್ರಪ್ಪೋ, ಚದುರಂಗದಲ್ಲಿ ಸೋತವನು ತನ್ನ ಮೀಸೆ ಬೋಳಿಸಿ ಗೆದ್ದವನಿಗೆ ಅಂಟಿಸಬೇಕಿತ್ತು. ಯಾಕೆ ಅಂತ ಕೇಳಬೇಡಿ. ಆ ಊರಿನವರೂ ಕೇಳಿರಲಿಲ್ಲ.

ಬಳೆ ಮಾರುವ ಚೆನ್ನವೀರನಿಗೆ ಆಟ ಬರುತ್ತಿರಲಿಲ್ಲ. ಎದುರು ಮನೆಯ ಹಗ್ಗ ಹೊಸೆಯುವ ಅಂದಾನಪ್ಪನಿಗೆ ಅಷ್ಟೂ ಬರುತ್ತಿರಲಿಲ್ಲ. ಆದ್ದರಿಂದ ಇಬ್ಬರೂ ಧೈರ್ಯವಾಗಿ ಆಟಕ್ಕೆ ಕೂತರು.

ಚೆನ್ನವೀರನ ಹೆಂಡತಿ ಸಂಗವ್ವ ಬಾಗಿಲಲ್ಲಿ ನಿಂತು ಹೇಳಿದಳು: “ನಾ ನಿಮ್ಮ ಮೀಸಿ ನೋಡಿ ಮದುವಿ ಆದಾಕಿ. ಅದು ಯಾರ ಮೂಗಿನ ಕೆಳಗ ಇರತೈತೋ, ನಾನೂ ಅವರ ಮನ್ಯಾಗ ಇರಾಕಿ.”

ಹೆಂಡತಿ ಅಂದರೆ ಚೆನ್ನವೀರನಿಗೆ ಪ್ರಾಣ. ಹೆದರಿಕೆಗೆ ಸಿಕ್ಕ ಕಾಯನ್ನೆಲ್ಲ ಹೊಡೆದ. ಅಂದಾನಪ್ಪನೂ ಹೊಡೆದ. ಆನೆ ಹೋಯಿತು, ಕುದುರೆ ಹೋಯಿತು, ಒಂಟೆ ಹೋಯಿತು, ಮಂತ್ರಿ ಹೇಳದೆ ಕೇಳದೆ ಹೋದ. ಮಣೆ ಮೇಲೆ ಉಳಿದದ್ದು ಇಬ್ಬರು ಕಟ್ಟಿಗೆ ರಾಜರು. ಒಬ್ಬ ಹೋದ, ಒಬ್ಬ ಬಂದ. ಒಬ್ಬ ಬಂದ, ಒಬ್ಬ ಹೋದ. ಮೂರು ದಿನ ಇದೇ ಆಯಿತು.

ನಾಲ್ಕನೆಯ ದಿನ ಕರಿ ರಾಜ ಕೂತುಬಿಟ್ಟ. “ದಂಡಿಲ್ಲ, ಅಡಿಗಿಯವನೂ ಇಲ್ಲ. ಯಾರ ಸಲುವಾಗಿ ಬಡಿದಾಡೂದು?”

“ಖರೇ ಮಾತು” ಎಂದು ಬಿಳಿ ರಾಜನೂ ಪಕ್ಕದಲ್ಲೇ ಕೂತ. ರಾಜರು ಅಕ್ಕಪಕ್ಕ ಕೂರಬಾರದೆಂದು ನಿಯಮವಿದೆ. ಆಡುವವರಿಗೆ ಗೊತ್ತಿದ್ದರೆ ತಾನೆ!

ಸುದ್ದಿ ಊರಿನ ರಾಜನಿಗೆ ಮುಟ್ಟಿತು. ರಾಜರ ಕಷ್ಟ ರಾಜನಿಗೇ ಗೊತ್ತು, ಗಳಗಳ ಅತ್ತ. ಮೂಗೊರೆಸಿಕೊಂಡು ಆಡಿದವರಿಗೆ ತೀರ್ಪು ಕೊಟ್ಟ: “ಇಬ್ಬರೂ ಅರ್ಧ ಗೆದ್ದೀರಿ, ಅರ್ಧ ಸೋತೀರಿ. ಅರ್ಧರ್ಧ ಮೀಸೆ ಬದಲಾಯಿಸಿಕೊಳ್ಳಿ.”

ಚೆನ್ನವೀರನ ಎಡಮೀಸೆ ಎದುರು ಮನೆಗೆ ಹೋಯಿತು. ಸಂಗವ್ವ ಆಡಿದ ಮಾತಿಗೆ ತಪ್ಪುವವಳಲ್ಲ. ಒಂದು ಕಾಲು ತನ್ನ ಹೊಸ್ತಿಲ ಮೇಲೆ, ಇನ್ನೊಂದು ಅಂದಾನಪ್ಪನ ಹೊಸ್ತಿಲ ಮೇಲೆ ಇಟ್ಟು ಓಣಿಗೆ ಅಡ್ಡ ನಿಂತಳು. ಎಮ್ಮೆಗಳು ಕೆಳಗೆ ನುಸುಳಿ ಹೋದವು. ಚೆನ್ನವೀರ ಅವಳಿಗೆ ನಿಂತಲ್ಲೇ ರೊಟ್ಟಿ ತಿನ್ನಿಸಿದ, ಮೂಲೆಯಲ್ಲಿ ಕೂತು ಅತ್ತ.

ಮೂರನೆಯ ದಿನ ಸಂಗವ್ವನ ಸೊಂಟ ಹಿಡಿಯಿತು. “ಸಾಕಾತು, ಕತ್ತಿ ತರ್ರಿ!” ಎಂದು ಕೂಗಿದಳು. ಎರಡೂ ಮುಖ ನುಣ್ಣಗೆ ಬೋಳಿಸಿದಳು. ಆಮೇಲೆ ಗಂಡನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

“ಅಯ್ಯ, ನಿಮಗ ತುಟಿ ಇತ್ತೇನ್ರೀ? ಇಷ್ಟ್ ಚಂದ ತುಟಿ! ಹನ್ನೆರಡು ವರ್ಷ ಯಾರಿಗಂತ ಮುಚ್ಚಿಟ್ಟಿದ್ರಿ?”

ಅಂದವಳೇ ಚೆನ್ನವೀರನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ನೀತಿ ಏನಪ್ಪಾ ಅಂದರೆ, ಆಟ ಬರದಿದ್ದರೆ ಚೆನ್ನಾಗಿ ಬರದಿರಬೇಕು. ಕಟ್ಟಿಗೆ ರಾಜರು ಇನ್ನೂ ಅಲ್ಲೇ ಕೂತಿದ್ದಾರೆ. ನೀವಾದರೂ ಎದ್ದು ಮನೆಗೆ ನಡೀರಿ.