ಗೋಡೆಯ ಬಾಯಿ

“ಗುರುಗಳೇ, ಮಳೆ ಬಂದರೆ, ಬೆಳೆ ಬಂದರೆ ಕೈಮುಗಿಯುತ್ತೇವೆ. ಬಾರದೇ ಹೋದ ಕೇಡಿಗೆ ಯಾರಿಗೆ ಕೈಮುಗಿಯಬೇಕು?”

ಕೇಳಿದವನು ಶಿಷ್ಯ ಉದ್ದಾನಯ್ಯ. ಮಠ ಬೆಟ್ಟದ ಬುಡದಲ್ಲಿತ್ತು. ಜಡಿಮಳೆ ಹಿಡಿದಿತ್ತು. ಅವನು ಮಲಗುವ ಕೋಣೆಯ ಹಿಂಬದಿಗೆ, ಬೆಟ್ಟದ ಮಣ್ಣನ್ನು ತಡೆದು ನಿಂತ ಹಳೆಯ ಕಲ್ಲುಗೋಡೆ. ಅದರ ಸಂದುಗಳಿಂದ ನೀರು ಜಿನುಗಿ ಅವನ ಚಾಪೆ ದಿನವೂ ಒದ್ದೆಯಾಗುತ್ತಿತ್ತು. ಆ ಬೆಳಗ್ಗೆ ಅವನು ರೋಸಿಹೋಗಿ ಹಳೇ ಪಂಚೆಯೊಂದನ್ನು ಹರಿದು ಸಂದುಗಳಿಗೆ ತುರುಕಿದ್ದ. ಗುರುಗಳು ನೋಡಿದ್ದರು.

“ಪ್ರಶ್ನೆ ಕೇಳುವುದರಲ್ಲಿ ನೀನು ಎತ್ತಿದ ಕೈ ಕಣಯ್ಯ,” ಎಂದು ನಕ್ಕು ಗುರುಗಳು ಕತೆ ತೆಗೆದರು.

ಒಂದು ಬೆಟ್ಟದ ಮಗ್ಗುಲಲ್ಲಿ ಒಬ್ಬ ರೈತನಿದ್ದ. ಕೆಳಗೆ ಮನೆ, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ರಾಗಿ ಹೊಲ, ನಡುವೆ ಒಂದು ಕಲ್ಲುಗೋಡೆ. ಕಟ್ಟಿದವರು ಯಾರೋ, ಯಾವ ಕಾಲದವರೋ. ಮಣ್ಣು ಮೆತ್ತದೆ, ಗಾರೆ ಹಾಕದೆ, ಕಲ್ಲಿನ ಮೇಲೆ ಕಲ್ಲಿಟ್ಟು ನಡುನಡುವೆ ಸಂದು ಬಿಟ್ಟಿದ್ದರು. ಹೊಲದಲ್ಲಿ ಇಂಗಿದ ಮಳೆನೀರು ಅಡಿಯ ಬಂಡೆಯವರೆಗೆ ಇಳಿಯುತ್ತಿತ್ತು. ಬಂಡೆ ನೀರು ಕುಡಿಯುತ್ತದೆಯೇ? ಇಲ್ಲ. ನೀರು ಅದರ ಮೇಲೆ ಜಾರಿಕೊಂಡು ಬಂದು ಗೋಡೆಯ ಸಂದುಗಳಿಂದ ಹೊರಬೀಳುತ್ತಿತ್ತು. ಮಳೆಗಾಲವಿಡೀ ಹಿತ್ತಲು ಒದ್ದೆಯೋ ಒದ್ದೆ.

ಆ ಮನೆಯಲ್ಲೊಂದು ಪದ್ಧತಿ. ಮುಂಗಾರಿಗೆ ಮುಂಚೆ ಯಜಮಾನ ಬಿದಿರುಕೋಲು ಹಿಡಿದು, ಸಂದುಗಳಲ್ಲಿ ಸೇರಿದ ಬೇರು, ಹೂಳನ್ನೆಲ್ಲ ಕೀಳಬೇಕು. ಆಮೇಲೆ ಒಂದೊಂದು ಸಂದಿಗೂ ಅರಿಶಿನ ಹಚ್ಚಬೇಕು. ಗೋಡೆಯ ಬಾಯಿ ಬಿಡಿಸುವುದು ಅಂತ ಇದಕ್ಕೆ ಹೆಸರು.

ಒಂದು ವರ್ಷ ರೈತನ ಮಗಳು ಬಾಣಂತನಕ್ಕೆ ತವರಿನಲ್ಲಿದ್ದಳು. ಗೋಡೆಯ ಪಕ್ಕದ ಕೋಣೆಯಲ್ಲೇ ತೊಟ್ಟಿಲು ಕಟ್ಟಿದ್ದರು. ರೈತನಿಗೆ ಮೊಮ್ಮಗಳೆಂದರೆ ಪಂಚಪ್ರಾಣ. ಕೂಸಿಗೆ ಥಂಡಿ ತಾಗಬಾರದೆಂದು ಅವನು ಸುಣ್ಣದ ಗಾರೆ ಕಲಸಿ ಸಂದುಗಳನ್ನೆಲ್ಲ ಮುಚ್ಚಿಬಿಟ್ಟ. ಪದ್ಧತಿ ಬಿಡುವ ಧೈರ್ಯ ಮಾತ್ರ ಆಗಲಿಲ್ಲ. ಗಾರೆಯ ಮೇಲೆಯೇ ಸಾಲಾಗಿ ಅರಿಶಿನದ ಬೊಟ್ಟಿಟ್ಟ. ಹಸಿ ಸುಣ್ಣ ತಾಗಿದ ಅರಿಶಿನ ಕೆಂಪಗಾಯಿತು.

ಅವನ ತಾಯಿ ನೋಡಿ ಹಣೆ ಚಚ್ಚಿಕೊಂಡಳು. “ಬಾಯಿ ಕಟ್ಟಿ ಅರಿಶಿನ ಹಚ್ಚಿದ್ದೀಯಲ್ಲೋ! ನಾಳೆ ಹೊಟ್ಟೆ ಉಬ್ಬಿದರೆ ಏನು ಮಾಡ್ತೀಯೋ?”

“ಗೋಡೆಗೆಲ್ಲಿಯ ಹೊಟ್ಟೆಯವ್ವ? ಹಸುಗೂಸು ಬೆಚ್ಚಗಿದ್ದರೆ ಸಾಕು, ನೀನು ಸುಮ್ಮನಿರು.”

ಮೊದಲ ಮಳೆಗೆ ಹಿತ್ತಲು ಒಣಗಿಯೇ ಇತ್ತು. ಕೋಣೆಯೂ ಬೆಚ್ಚಗಿತ್ತು. ನೆರೆಯವರು ಭೇಷ್ ಎಂದರು. ರೈತ ಮೀಸೆ ತಿರುವಿದ. ತಾಯಿ ಮಾತ್ರ ಆಗಾಗ ಹೋಗಿ ಗೋಡೆಯನ್ನು ಸವರಿ ಬರುತ್ತಿದ್ದಳು.

ಪುಷ್ಯ ಮಳೆ ಹಗಲಿರುಳೆನ್ನದೆ ಸುರಿಯಿತು. ಒಂದು ಬೆಳಗ್ಗೆ ರೈತ ಹಿತ್ತಲಿಗೆ ಹೋದ. ಸೂರಿನ ಮರೆಯಲ್ಲಿದ್ದ ಬೊಟ್ಟುಗಳ ಸಾಲು ಡೊಂಕಾಗಿತ್ತು. ಗೋಡೆ ತುಂಬು ಬಸುರಿಯ ಹೊಟ್ಟೆಯ ಹಾಗೆ ಮುಂದೆ ಬಂದಿತ್ತು. ಹೊರಬರಲಾರದ ನೀರನ್ನು ಹೊತ್ತು ಹೊಲದ ಮಣ್ಣೆಲ್ಲ ಭಾರವಾಗಿತ್ತು. ಅಷ್ಟೂ ಮಣ್ಣು ಬಂಡೆಯ ಮೇಲಿಂದ ಜಾರಿ ಗೋಡೆಯನ್ನು ನೂಕುತ್ತಿತ್ತು. ಗೋಡೆಯ ಈಚೆ ತೊಟ್ಟಿಲು.

ತಾಯಿಯನ್ನೂ ಮಗಳನ್ನೂ ಕೂಸನ್ನೂ ಆಚೆ ಓಣಿಯ ಮನೆಗೆ ಕಳಿಸಿದ. ತಾನು ಹಾರೆ ಹಿಡಿದು, ಪಕ್ಕಕ್ಕೆ ಸರಿದು ನಿಂತು, ಒಂದು ಕೊನೆಯಿಂದ ಗಾರೆ ಒಡೆಯತೊಡಗಿದ. ಮೊದಲ ಸಂದಿನಿಂದ ಕೆಮ್ಮಣ್ಣು ಕದಡಿದ ನೀರು ಚಿಮ್ಮಿತು. ಒಳಗೆ ಮಣ್ಣು ಕದಲಿದೆ ಎಂದು ಅವನಿಗೆ ತಿಳಿಯಿತು. ತಪ್ಪಾಯ್ತು ತಾಯೀ, ಇವತ್ತೊಂದು ದಿನ ನಿಂತುಕೋ ಎಂದು ಗೋಡೆಗೆ ಹೇಳಿಕೊಳ್ಳುತ್ತಲೇ ಒಂದೊಂದು ಬಾಯಿಯನ್ನೂ ಬಿಡಿಸಿದ. ಹಿತ್ತಲು ಕೆಸರಾಯಿತು. ಕೋಣೆಗೆ ನೀರು ನುಗ್ಗಿ ತೊಟ್ಟಿಲು ನೆನೆಯಿತು. ಹೊತ್ತು ಇಳಿಯುವ ವೇಳೆಗೆ ಬರುವ ನೀರು ತಿಳಿಯಾಯಿತು. ಗೋಡೆ ನಿಂತಿತು.

ನೆರೆಯವರು ಬಂದು ಮೂಗಿನ ಮೇಲೆ ಬೆರಳಿಟ್ಟರು. “ಇದೇನಯ್ಯ, ಚೆಂದದ ಗಾರೆ ಒಡೆದು ಮನೆಯೆಲ್ಲ ರಾಡಿ ಮಾಡಿಕೊಂಡಿದ್ದೀಯ! ಏನಾಯಿತು?”

“ಏನೂ ಆಗಲಿಲ್ಲ,” ಎಂದ ರೈತ. ಹಾಗೆನ್ನುತ್ತಲೇ ಗಳಗಳನೆ ಅತ್ತುಬಿಟ್ಟ. ಆಚೆ ಓಣಿಯಲ್ಲಿ ಕೂಸು ಹಸಿದು ಕಿರುಚುತ್ತಿತ್ತು. ಅಷ್ಟು ಇಂಪಾದ ದನಿಯನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಒದ್ದೆ ಗೋಡೆಗೆ ಹಣೆ ಹಚ್ಚಿದ. ಸಂದು ಬಿಟ್ಟು ಕಟ್ಟಿದವರ ಹೆಸರು ಅವನಿಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಆ ಕೈಗಳನ್ನು ನೆನೆದ. ವರ್ಷ ವರ್ಷವೂ ಹೂಳು ಕಿತ್ತ ಅಪ್ಪನನ್ನು, ಅಜ್ಜನನ್ನು ನೆನೆದ. ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದ. ಮುಂದಿನ ವರ್ಷದಿಂದ ಅವನು ಮೊದಲು ಕೋಲು ಹಿಡಿಯುತ್ತಿದ್ದ, ಅರಿಶಿನವನ್ನು ಆಮೇಲೆ ಮುಟ್ಟುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಉದ್ದಾನಯ್ಯನ ಕಣ್ಣು ತುಂಬಿತ್ತು. “ಎಂಥ ಗೋಡೆ ಗುರುಗಳೇ! ಎಲ್ಲಿದೆ ಹೇಳಿ, ಹೋಗಿ ಕೈಮುಗಿದು ಬರುತ್ತೇನೆ,” ಎಂದ.

“ಕೈಮುಗಿಯುವುದು ಆಮೇಲಾಗಲಿ, ಮೊದಲು ಹೋಗಿ ಗೋಡೆಗೆ ತುರುಕಿದ ಆ ಪಂಚೆ ಕಿತ್ತು ಬಾ.”