ಹಳೆಯ ಫೋರ್ಕು ಕೊಟ್ಟ ಅಳತೆ

ಲೇತ್ ಕೆಲಸದ ಮೌನೇಶ ಸೈಕಲ್ಲಿಗೆ ಮೋಟಾರು ಕೂಡಿಸಿ ತಾನೇ ಒಂದು ಎಲೆಕ್ಟ್ರಿಕ್ ಬೈಕು ಮಾಡಿಕೊಂಡಿದ್ದ. ಮುಂದಿನ ಚಕ್ರ ಹಿಡಿದ ಫೋರ್ಕು ಮಾತ್ರ ಸೈಕಲ್ಲಿನದೇ. ಅಷ್ಟು ಭಾರ ಹೊತ್ತು, ಹೊಂಡಗಳಲ್ಲಿ ಕುಕ್ಕಿಸಿಕೊಂಡು ಅದು ಸೋತುಹೋಗಿತ್ತು. ಕತ್ತಿನಲ್ಲಿ ಬಿರುಕು ಬಿಟ್ಟಿದ್ದರೂ, ಗುಜರಿಗೆ ಹಾಕಿಯಾರೆಂದು ಹೆದರಿ, ಬಣ್ಣದಡಿ ಅದನ್ನು ಮುಚ್ಚಿಟ್ಟುಕೊಂಡಿತ್ತು.

ಹೆಂಡತಿ ಶಾಂತವ್ವನಿಗೂ ಅಂಥದೇ ಬೈಕು ಮಾಡಲು ಮೌನೇಶ ಆ ಫೋರ್ಕನ್ನು ಬಿಚ್ಚಿ, ಅಳತೆ ತೆಗೆಯಲೆಂದು ಇಕ್ಕಳದಂತೆ ಕಚ್ಚಿಹಿಡಿಯುವ ವೈಸಿನಲ್ಲಿ ಬಿಗಿದ. ಹೊಸ ಫೋರ್ಕಿಗೆಂದು ತಂದು ಪಕ್ಕದಲ್ಲಿಟ್ಟಿದ್ದ ಕೊಳವೆ ಕೇಳಿತು:

“ಅಜ್ಜಾ, ನಿಮ್ಮ ಅಳತೆಗೇ ನನ್ನನ್ನು ಕೊಯ್ಯುತ್ತಾರಂತೆ. ನಿಮಗೆಲ್ಲೂ ನೋವಾಗಲಿಲ್ಲವೇ?”

ಇಲ್ಲ ಎನ್ನಹೊರಟ ಫೋರ್ಕಿಗೆ ಸುಳ್ಳು ಹೇಳುವಷ್ಟೂ ತ್ರಾಣ ಉಳಿದಿರಲಿಲ್ಲ. “ಕತ್ತಿನಲ್ಲಿ, ಮಗು, ದಿನವೂ.”

“ಹಾಗಾದರೆ ಯಜಮಾನರಿಗೆ ತಿಳಿಸಿ.”

“ತಿಳಿಸಿದರೆ ನನ್ನನ್ನು ಎಸೆಯುತ್ತಾರೆ.”

“ನಾನೂ ಹೀಗೇ ಬಿರಿದು ಶಾಂತವ್ವ ಬಿದ್ದರೆ?”

ವೈಸು ಇನ್ನೊಂದು ಸುತ್ತು ಬಿಗಿದಾಗ, ಮೊದಲ ಸಲ ಫೋರ್ಕು ಬಿರುಕನ್ನು ಬಿಗಿಹಿಡಿಯದೆ ಮೈ ಸಡಿಲಬಿಟ್ಟಿತು. ಚಟ್ಟನೆ ಬಣ್ಣ ಸಿಡಿದು ಬಿರುಕು ಬಾಯಿಬಿಟ್ಟಿತು. ಮೌನೇಶ ಅದರ ಮೇಲೆ ಬೆರಳಾಡಿಸಿ, ಬರೆದ ಅಳತೆಯನ್ನೆಲ್ಲ ಹೊಡೆದುಹಾಕಿ, ಇನ್ನೂ ದಪ್ಪನೆಯ ಕೊಳವೆ ತರಲು ಎದ್ದ. ಹೋಗುವಾಗ ಹಳೆಯ ಫೋರ್ಕನ್ನು ಗುಜರಿ ರಾಶಿಯ ಮೇಲಿಟ್ಟ. ಅಲ್ಲಿ ಅದರ ಮೇಲೆ ಯಾವ ಭಾರವೂ ಇರಲಿಲ್ಲ.