ಉಪ್ಪಿನ ಆಗರದ ತೀರ್ಪು

"ಗುರುಗಳೇ, ನ್ಯಾಯ ಹೇಳುವವನು ತನ್ನ ಅಧಿಕಾರದ ಮೇರೆಯನ್ನು ಮೀರದೆ ನಡೆದರೆ ಅವನಿಗೆ ದೋಷ ತಟ್ಟುವುದಿಲ್ಲ, ಅಲ್ಲವೆ?" ಎಂದು ಶಿಷ್ಯ ನಾಗದೇವ ಕೇಳಿದ. ಅರಸರ ನ್ಯಾಯಸ್ಥಾನದಲ್ಲಿ ನ್ಯಾಯಾಧಿಕಾರಿಯಾಗಲು ಅವನಿಗೆ ಕರೆ ಬಂದು ಎರಡು ದಿನವಾಗಿತ್ತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಆರು ಉಪ್ಪಿನ ಆಗರಗಳಿದ್ದವು. ಆರಕ್ಕೂ ಬೇರೆಬೇರೆ ಒಡೆಯರು. ಒಬ್ಬನು ಬೆಲೆ ಏರಿಸಿದರೆ ಜನ ಇನ್ನೊಬ್ಬನ ಬಳಿ ಹೋಗುತ್ತಿದ್ದರು. ಆ ನಾಡಿನ ಅರಸ ಒಂದು ಶಾಸನ ಹೊರಡಿಸಿದ್ದ: ಯಾವ ಸರಕಿನ ವ್ಯಾಪಾರವನ್ನೂ ಒಬ್ಬನೇ ಹಿಡಿದಿಡಬಾರದು.

ಹೀಗಿರುವಾಗ ಒಬ್ಬ ವರ್ತಕ ಎರಡು ವರ್ಷದಲ್ಲಿ ಆರು ಆಗರಗಳನ್ನೂ ಕೊಂಡ. ನಾಲ್ಕನ್ನು ಮುಚ್ಚಿಸಿದ. ಉಪ್ಪು ಅಪರೂಪವಾಯಿತು, ಬೆಲೆ ಬಡವರ ಕೈಗೆಟುಕದಂತಾಯಿತು. ಮೀನಿಗೆ ಉಪ್ಪು ಹಾಕಿ ಒಣಗಿಸಿ ಬದುಕುತ್ತಿದ್ದ ಬೀರಮ್ಮ ಎಂಬ ಹೆಂಗಸು ತನ್ನ ಕೇರಿಯ ಪರವಾಗಿ ಅರಸರ ನ್ಯಾಯಸ್ಥಾನಕ್ಕೆ ದೂರು ತಂದಳು.

ನ್ಯಾಯಾಧಿಕಾರಿ ಪ್ರಾಮಾಣಿಕ. ವರ್ತಕನ ಮನೆಯ ನೀರನ್ನೂ ಕುಡಿದವನಲ್ಲ. ವರ್ತಕ ಕೈಮುಗಿದು ಹೇಳಿದ: "ಒಡೆಯರೆ, ಶಾಸನ ಹೇಳುವುದು ವ್ಯಾಪಾರದ ಮಾತು. ನಾನು ಕೊಂಡದ್ದು ಆಗರ. ಉಪ್ಪು ತೆಗೆಯುವುದು ಬೇರೆ, ಮಾರುವುದು ಬೇರೆ. ಪೇಟೆಯಲ್ಲಿ ಇವತ್ತಿಗೂ ಹತ್ತಾರು ಅಂಗಡಿಯವರು ಉಪ್ಪು ಮಾರುತ್ತಿದ್ದಾರೆ. ಯಾರನ್ನೂ ನಾನು ತಡೆದಿಲ್ಲ."

ನ್ಯಾಯಾಧಿಕಾರಿ ಶಾಸನವನ್ನು ಮತ್ತೆಮತ್ತೆ ಓದಿದ. ಆಗರ ಎಂಬ ಮಾತು ಅದರಲ್ಲಿ ಇರಲಿಲ್ಲ. ಆತನಿಗೆ ಒಂದು ಭಯವಿತ್ತು. ಇಂದು ಆಗರದೊಳಗೆ ಕಾಲಿಟ್ಟ ಅರಸರ ಆಳುಗಳು ನಾಳೆ ಕುಂಬಾರನ ತಿಗರಿಗೂ ನೇಕಾರನ ಮಗ್ಗಕ್ಕೂ ಕೈಹಾಕಿದರೆ ತಡೆಯುವವರು ಯಾರು? ಆ ಭಯ ಸುಳ್ಳೂ ಆಗಿರಲಿಲ್ಲ. ಆಗರ ಅರಸರ ಶಾಸನಕ್ಕೆ ಸೇರಿದ್ದಲ್ಲ, ಊರಿನ ಹಿರಿಯರ ಕೂಟವಾದ ಹತ್ತು ಸಮಸ್ತರಿಗೆ ಸೇರಿದ್ದು ಎಂದು ತೀರ್ಪು ಕೊಟ್ಟ.

ಬೀರಮ್ಮ ಹತ್ತು ಸಮಸ್ತರ ಬಳಿ ಹೋದಳು. ಅವರು, "ಉಪ್ಪು ನಮ್ಮ ಗಡಿ ದಾಟಿ ಪೇಟೆ ಸೇರುತ್ತದೆ ತಾಯಿ. ಗಡಿ ದಾಟಿದ್ದು ಅರಸರಿಗೆ ಸೇರಿದ್ದು" ಎಂದರು.

ಅಷ್ಟರಲ್ಲಿ ಮೀನಿನ ಸುಗ್ಗಿ ಬಂತು. ದೋಣಿಗಳು ತುಂಬಿ ಬಂದವು. ಕೇರಿಯಲ್ಲಿ ಹಿಡಿ ಉಪ್ಪಿರಲಿಲ್ಲ. ಮಳೆಗಾಲಕ್ಕೆ ಆಗಬೇಕಾದ ಮೀನು ಮೂರೇ ದಿನದಲ್ಲಿ ಕೆಟ್ಟಿತು. ಬೀರಮ್ಮ ಕೆಟ್ಟ ಮೀನಿನ ಬುಟ್ಟಿಯನ್ನು ಹೊತ್ತು ತಂದು ನ್ಯಾಯಸ್ಥಾನದ ಮೆಟ್ಟಿಲ ಮೇಲಿಟ್ಟಳು.

"ಇದೇನಮ್ಮ?" ಎಂದ ನ್ಯಾಯಾಧಿಕಾರಿ.

"ನನಗೆ ಓದು ಬರುವುದಿಲ್ಲ ಒಡೆಯಾ. ಇದು ಉಪ್ಪು ತೆಗೆಯುವುದರಿಂದ ಆದದ್ದೋ, ಮಾರುವುದರಿಂದ ಆದದ್ದೋ, ನೀವೇ ನೋಡಿ ಹೇಳಿ" ಎಂದಳು ಅವಳು.

ಶಾಸನವನ್ನು ತಿದ್ದಬೇಕೆಂದು ನ್ಯಾಯಾಧಿಕಾರಿ ಅಂದೇ ಅರಸನಿಗೆ ಓಲೆ ಬರೆದ. ಅರಸನ ಸಭೆ ಅದನ್ನು ಕೈಗೆತ್ತಿಕೊಳ್ಳಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಬೇರೆ ಊರಿನ ವರ್ತಕರು ಆ ತೀರ್ಪಿನ ನಕಲು ತರಿಸಿಕೊಂಡರು. ಒಬ್ಬ ಎಣ್ಣೆಯ ಗಾಣಗಳನ್ನೆಲ್ಲ ಕೊಂಡ. ಇನ್ನೊಬ್ಬ ಕಬ್ಬಿಣದ ಕುಲುಮೆಗಳನ್ನು ಕೊಂಡ. ದೂರು ಬಂದಾಗಲೆಲ್ಲ ಅದೇ ತೀರ್ಪನ್ನು ತೆಗೆದು ತೋರಿಸಿದರು. ಬೀರಮ್ಮನ ಕೇರಿಯ ಅರ್ಧ ಮನೆಗಳು ಬಾಗಿಲು ಹಾಕಿಕೊಂಡು ಬೇರೆ ತೀರಕ್ಕೆ ಹೋದವು. ಮೊದಲು ಹೋದವಳು ಅವಳೇ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಅವನು ಮೇರೆ ಮೀರಲಿಲ್ಲ. ತನ್ನ ಮೇರೆ ಎಲ್ಲಿದೆಯೆಂದು ಸರಿಯಾಗಿಯೇ ಕಂಡನಲ್ಲ?" ಎಂದ ನಾಗದೇವ.

"ಕಂಡ, ಆದರೆ ಅವನಿಗಿಂತ ಮೊದಲೇ ವರ್ತಕ ಅದನ್ನು ಅಳೆದು, ಅದರ ಆಚೆಗೇ ತನ್ನ ಕೆಲಸ ಇಟ್ಟುಕೊಂಡಿದ್ದ" ಎಂದರು ಗುರುಗಳು.